ಬಾವಿ ನೀರಿನಲ್ಲಿ ರೇಡಾನ್ ಹೆಚ್ಚು ಕಡಿಮೆ ಆಗುವುದೇಕೆ?

ಕಲ್ಲಿನಲ್ಲಿರುವ ಯುರೇನಿಯಂ ಹಂತಹಂತವಾಗಿ ಕ್ಷಯಿಸಿ, ಅಂದರೆ ವಿಕಿರಣ ಸೂಸಿ ಬೇರೆ ಧಾತುವಾಗುತ್ತ, ರೇಡಿಯಂ–226 ಆಗುತ್ತದೆ. ಆ ರೇಡಿಯಂ ಕ್ಷಯಿಸಿದಾಗ ಹುಟ್ಟುವ ರೇಡಾನ್–222 ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲದ ಅನಿಲ; ಅದರ ಅರ್ಧಾಯುಷ್ಯ, ಅಂದರೆ ಇದ್ದುದರಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ, 3.82 ದಿನ. ಈ ಸಂಖ್ಯೆಯನ್ನು ಮೊದಲು ಮನದಟ್ಟು ಮಾಡಿಕೊಳ್ಳಿ. ನೀರು ಹತ್ತು ವರ್ಷದ ಹಿಂದೆ ಇಂಗಿದ್ದಾದರೂ ಅದರಲ್ಲಿ ಇಂದು ಸಿಗುವ ರೇಡಾನ್ ಹೆಚ್ಚುಕಡಿಮೆ ಕಳೆದ ಮೂರು–ನಾಲ್ಕು ವಾರಗಳಲ್ಲಿ ಸೇರಿದ್ದು, ಅದಕ್ಕಿಂತ ಹಳೆಯದು ಬಹುಪಾಲು ಕ್ಷಯಿಸಿಹೋಗಿರುತ್ತದೆ.

ಹಾಗಾಗಿ ಬಾವಿಯ ಸುತ್ತಲಿನ ಕಲ್ಲೇ ಮುಖ್ಯ. ಗ್ರಾನೈಟಿನಲ್ಲಿ ಯುರೇನಿಯಂ ಸಾಮಾನ್ಯವಾಗಿ ದಶಲಕ್ಷಕ್ಕೆ 3ರಿಂದ 5 ಭಾಗ ಇದ್ದರೆ, ಬಸಾಲ್ಟಿನಲ್ಲಿ 1 ಭಾಗದ ಆಸುಪಾಸು ಇರುತ್ತದೆ. ನಮ್ಮ ಭಾಗದಲ್ಲಿ ಬೀದರಿನದು ಜಂಬಿಟ್ಟಿಗೆ ಹೊದ್ದ ಬಸಾಲ್ಟ್, ಸೇಡಂ–ಚಿತ್ತಾಪುರದ ಕಡೆ ಫರಸಿ ಕೊಡುವ ಸುಣ್ಣಕಲ್ಲು, ಯಾದಗಿರಿ–ಸುರಪುರದ ಕಡೆ ಗ್ರಾನೈಟ್ ಗುಡ್ಡಗಳು. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಸ್ತರಭಂಗದ (ಶಿಲೆ ಮುರಿದು ಸರಿದ ಜಾಗದ) ಗುಂಟ ಸುಣ್ಣಕಲ್ಲಿನಲ್ಲೂ ಅದರ ಕೆಳಗಿನ ಗ್ರಾನೈಟಿನಲ್ಲೂ ಯುರೇನಿಯಂ ನಿಕ್ಷೇಪವೇ ಇದೆ.

ಆದರೆ ಕಲ್ಲಿನೊಳಗೆ ಹುಟ್ಟಿದ ರೇಡಾನೆಲ್ಲ ನೀರಿಗೆ ಬರುವುದಿಲ್ಲ. ರೇಡಿಯಂ ಕ್ಷಯಿಸಿ ಆಲ್ಫಾ ಕಣ ಚಿಮ್ಮಿದಾಗ ರೇಡಾನ್ ಪರಮಾಣು ಹಿಮ್ಮುಖವಾಗಿ ಒದೆಸಿಕೊಂಡು ಸರಿಯುವುದು ಕೆಲವು ಹತ್ತು ನ್ಯಾನೊಮೀಟರ್ ಮಾತ್ರ, ಆದ್ದರಿಂದ ಬಿರುಕಿನ ಅಂಚಿನಲ್ಲಿರುವ ರೇಡಿಯಂ ಮಾತ್ರ ಲೆಕ್ಕಕ್ಕೆ ಬರುತ್ತದೆ. ಬಿರುಕಿನ ಗೋಡೆಗೆ ಹತ್ತಿದ ಕಬ್ಬಿಣ, ಮ್ಯಾಂಗನೀಸ್ ಆಕ್ಸೈಡುಗಳ ಕೆಂಪು–ಕಪ್ಪು ಪದರ ರೇಡಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ, ನೀರಿನಲ್ಲಿ ಕರಗಿದ ಯುರೇನಿಯಂ ಕಡಿಮೆ ಇದ್ದರೂ ರೇಡಾನ್ ಹೆಚ್ಚಿರಬಹುದು. ಒಂದನ್ನು ಅಳೆದು ಇನ್ನೊಂದನ್ನು ಊಹಿಸುವುದು ನನ್ನ ಮಟ್ಟಿಗೆ ಈ ವಿಷಯದಲ್ಲಿ ಆಗುವ ದೊಡ್ಡ ತಪ್ಪು.

ಗಾಳಿ ತಾಗಿದರೆ ರೇಡಾನ್ ಹಾರಿಹೋಗುತ್ತದೆ, ನೀರು ಬೆಚ್ಚಗಾದಷ್ಟೂ ಬೇಗ. ಆದ್ದರಿಂದ ಒಂದೇ ಶಿಲೆಯಲ್ಲಿದ್ದರೂ ಬೋರಿಗಿಂತ ತೆರೆದ ಬಾವಿಯಲ್ಲಿ ಸಾಮಾನ್ಯವಾಗಿ ಕಡಿಮೆ ಸಿಗುತ್ತದೆ; ಮಳೆಗಾಲದ ಹೊಸ ನೀರು ಸೇರಿದಾಗಲೂ ಪ್ರಮಾಣ ಬದಲಾಗುತ್ತದೆ.

ಮಾದರಿ ತೆಗೆಯುವಾಗ ಇದೇ ಗುಣ ಕೈಕೊಡುತ್ತದೆ. ಕೊಳವೆಯಲ್ಲಿ ನಿಂತ ನೀರು ಖಾಲಿಯಾಗುವವರೆಗೆ ಪಂಪು ಓಡಿಸಿ, ಬಕೆಟ್ಟಿನ ತಳಕ್ಕೆ ಪೈಪು ಇಳಿಬಿಟ್ಟು ಅದು ತುಂಬಿ ಹರಿಯುವಾಗ ಗಾಜಿನ ಬಾಟಲಿಯನ್ನು ನೀರೊಳಗೇ ತುಂಬಿಸಿ, ಅಲ್ಲಿಯೇ ಮುಚ್ಚಳ ಹಾಕಬೇಕು. ತಲೆಕೆಳಗು ಹಿಡಿದಾಗ ಒಂದು ಗುಳ್ಳೆಯೂ ಕಾಣಬಾರದು. ಯಾದಗಿರಿಯಿಂದ ಕಲಬುರಗಿಯ ಪ್ರಯೋಗಾಲಯಕ್ಕೆ ಒಂದು ದಿನ ತಡವಾದರೆ ಶೇ. 17ರಷ್ಟು ಕ್ಷಯಿಸುವುದರಿಂದ, ಸಮಯವನ್ನು ಬಾಟಲಿಯ ಮೇಲೆಯೇ ಬರೆಯಬೇಕು.

ನೀರನ್ನು ಚಿಮ್ಮಿಸಿ ಗಾಳಿಯಾಡಿಸಿದರೆ ರೇಡಾನ್ ಇಳಿಯುತ್ತದೆ. ಯುರೇನಿಯಂ, ಫ್ಲೋರೈಡ್ ಇದ್ದಷ್ಟೇ ಉಳಿಯುತ್ತವೆ, ಅವನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.