ಜನರಲ್ ಲೀ ಕಾರಿನ ಹಾರ್ನ್ ನುಡಿಸಿದ್ದು ಯಾರ ಹಾಡು?

1979ರ ಜನವರಿಯಲ್ಲಿ ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ 'ದಿ ಡ್ಯೂಕ್ಸ್ ಆಫ್ ಹ್ಯಾಜರ್ಡ್' ಧಾರಾವಾಹಿ ಶುರುವಾಯಿತು. ಜಾರ್ಜಿಯಾ ರಾಜ್ಯದ ಒಂದು ಕಾಲ್ಪನಿಕ ಊರು. ಚಿಕ್ಕಪ್ಪನ ಮನೆಯಲ್ಲಿ ಬೆಳೆದ ಬೋ ಮತ್ತು ಲ್ಯೂಕ್, ಲಂಚಕೋರ ಬಾಸ್ ಹಾಗ್, ಸದಾ ಅವರ ಬೆನ್ನು ಹತ್ತುವ ಶೆರಿಫ್. ಕಥೆ ಇಷ್ಟೇ. ಜನ ಟಿವಿ ಮುಂದೆ ಕೂರುತ್ತಿದ್ದದ್ದು ಕಾರಿಗಾಗಿ.

ಅದು ಕಿತ್ತಳೆ ಬಣ್ಣದ 1969ರ ಡಾಡ್ಜ್ ಚಾರ್ಜರ್. ಬಾಗಿಲ ಮೇಲೆ 01. ಬಾಗಿಲಿಗೆ ವೆಲ್ಡಿಂಗ್ ಹೊಡೆದಿದ್ದರಿಂದ ಕಿಟಕಿಯಲ್ಲೇ ಒಳಗೆ ನುಗ್ಗಬೇಕು. ಮೇಲ್ಛಾವಣಿಯಲ್ಲಿ ಕಾನ್ಫೆಡರೇಟ್ ಬಾವುಟ. ಹೆಸರು ಜನರಲ್ ಲೀ. ಗುಲಾಮಗಿರಿ ಉಳಿಸಿಕೊಳ್ಳಲು ದೇಶದಿಂದ ಬೇರೆಯಾಗಿ, 1861ರಿಂದ 65ರವರೆಗೆ ಯುದ್ಧ ಮಾಡಿದ ದಕ್ಷಿಣದ ರಾಜ್ಯಗಳ (ಇವೇ ಕಾನ್ಫೆಡರೇಟ್ ರಾಜ್ಯಗಳು) ಸೇನಾನಿ ರಾಬರ್ಟ್ ಇ. ಲೀ ಹೆಸರು ಅದು. ಈ ಧಾರಾವಾಹಿಗೆ ಮೂಲವಾದ 1975ರ ಸಿನಿಮಾದಲ್ಲಿ ಕಾರಿಗೆ ಲೀಯ ಕುದುರೆ ಟ್ರಾವೆಲರ್ ಹೆಸರಿತ್ತು. ಟಿವಿಗೆ ಬರುವಷ್ಟರಲ್ಲಿ ಬಡ್ತಿ ಸಿಕ್ಕಿತು ಅನ್ನಿ.

ಹಾರ್ನ್ ಮಾತ್ರ ಮೊದಲ ಯೋಜನೆಯಲ್ಲಿ ಇರಲೇ ಇಲ್ಲ. ಚಿತ್ರತಂಡದವರು ಹೇಳುತ್ತಾ ಬಂದಿರುವ ಕಥೆ ಹೀಗಿದೆ: ಜಾರ್ಜಿಯಾದಲ್ಲಿ ಶೂಟಿಂಗ್ ನಡೆಯುವಾಗ ಯಾರದೋ ಕಾರು 'ಡಿಕ್ಸಿ' ಹಾಡಿನ ಹಾರ್ನ್ ಹೊಡೆದುಕೊಂಡು ಹೋಯಿತು. ಇವರು ಹಿಂದೆಯೇ ಓಡಿ ಆ ಹಾರ್ನ್ ಕೊಂಡರು. ಆಮೇಲೆ ನೋಡಿದರೆ ಅಂಥದ್ದು ಆಟೊ ಬಿಡಿಭಾಗಗಳ ಅಂಗಡಿಯಲ್ಲೇ ಸಿಗುತ್ತಿತ್ತು!

ನಮ್ಮ ಲಾರಿ, ಖಾಸಗಿ ಬಸ್ಸುಗಳ ಹಾಡುವ ಹಾರ್ನ್ ಕೇಳಿದವರಿಗೆ ಇದರ ತಂತ್ರ ಹೊಸದೇನಲ್ಲ. ಒಂದು ಪುಟ್ಟ ಕಂಪ್ರೆಸರ್, ಬೇರೆ ಬೇರೆ ಉದ್ದದ ತುತ್ತೂರಿಗಳು. ಉದ್ದದ್ದಕ್ಕೆ ದಪ್ಪ ಸ್ವರ, ಗಿಡ್ಡದ್ದಕ್ಕೆ ಕೀಚಲು ಸ್ವರ. ಗಾಳಿ ಒಂದಾದ ಮೇಲೊಂದಕ್ಕೆ ನುಗ್ಗಿದರೆ ಹಾಡಾಯಿತು. (1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ನಮ್ಮಲ್ಲಿ ಇಂಥ ಹಾರ್ನ್ ಹಾಕುವ ಹಾಗೇ ಇಲ್ಲ. ಹಾಕಿಸಿದವರಿಗೆ ಅದು ಗೊತ್ತೂ ಇರುತ್ತದೆ.)

ತೆರೆಯ ಮೇಲೆ ಕಾರು ಹಳ್ಳ ಹಾರುವ ಹೊತ್ತಿಗೆ ಕೇಳಿಸುತ್ತಿದ್ದ ಹಾರ್ನ್ ಬಹುಪಾಲು ಸ್ಟುಡಿಯೊದಲ್ಲಿ ಸೇರಿಸಿದ್ದು. ಹಾರಿಸಿದ್ದು ಮಾತ್ರ ನಿಜ. ಮೂತಿ ಮುಂದಕ್ಕೆ ಮಗುಚದಿರಲೆಂದು ಡಿಕ್ಕಿಯಲ್ಲಿ ಭಾರ ತುಂಬುತ್ತಿದ್ದರು. 1978ರ ನವೆಂಬರ್‌ನಲ್ಲಿ ಜಾರ್ಜಿಯಾದ ಆಕ್ಸ್‌ಫರ್ಡ್ ಕಾಲೇಜಿನ ಆವರಣದಲ್ಲಿ ಹಾರಿದ ಮೊದಲ ಕಾರು ಸುಮಾರು 82 ಅಡಿ ದಾಟಿತು. ಇಳಿದ ಮೇಲೆ ಓಡಿಸಲು ಬರುವ ಸ್ಥಿತಿಯಲ್ಲಿರಲಿಲ್ಲ. 1985ರಲ್ಲಿ ಧಾರಾವಾಹಿ ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ 300 ಚಾರ್ಜರ್‌ಗಳು ಬಳಕೆಯಾಗಿದ್ದವು.

ಇನ್ನು ಆ ಹಾಡು. 'ಡಿಕ್ಸಿ' ದಕ್ಷಿಣದ ಹತ್ತಿಹೊಲಗಳಲ್ಲಿ ಹುಟ್ಟಿದ್ದಲ್ಲ. 1859ರಲ್ಲಿ ನ್ಯೂಯಾರ್ಕ್‌ನ ರಂಗದ ಮೇಲೆ ಬಂತು. ಕಟ್ಟಿದವನೆಂದು ಹೆಸರಾದ ಡೇನಿಯಲ್ ಎಮೆಟ್ ಉತ್ತರದ ಒಹಾಯೊದವನು. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಅಣಕಿಸುವ ಆಟಕ್ಕೆ ಬರೆದದ್ದು. ಹತ್ತಿಯ ನಾಡಿಗೆ ಮರಳಬೇಕೆಂದು ಅದರಲ್ಲಿ ಹಂಬಲಿಸುವವನು ಒಬ್ಬ ಕರಿಯ! ಎರಡೇ ವರ್ಷಕ್ಕೆ, 1861ರಲ್ಲಿ, ಕಾನ್ಫೆಡರೇಟ್ ಅಧ್ಯಕ್ಷ ಜೆಫರ್ಸನ್ ಡೇವಿಸ್ ಪ್ರಮಾಣವಚನಕ್ಕೆ ಅದನ್ನೇ ನುಡಿಸಿದರು. 1865ರ ಏಪ್ರಿಲ್ 9ರಂದು ಲೀ ಶರಣಾದ. ಮರುದಿನವೇ ಲಿಂಕನ್ ವಾದ್ಯದವರಿಗೆ 'ಡಿಕ್ಸಿ' ಬಾರಿಸಿ ಎಂದರು. ಹಾಡು ಚೆನ್ನಾಗಿದೆ, ಗೆದ್ದ ಮೇಲೆ ಈಗ ನಮ್ಮದೇ ಅಂತ ಲಿಂಕನ್ ತಮಾಷೆ ಮಾಡಿದರು. ಆದರೆ ಹಾಡು ದಕ್ಷಿಣದವರ ಬಳಿಯೇ ಉಳಿಯಿತು. 1960ರ ದಶಕದಲ್ಲಿ ಕರಿಯರ ಹಕ್ಕಿನ ಹೋರಾಟವನ್ನು ವಿರೋಧಿಸಿದವರು ಅದನ್ನೇ ಹಾಡಿದರು.

2015ರ ಜೂನ್‌ನಲ್ಲಿ ಸೌತ್ ಕೆರೊಲಿನಾ ರಾಜ್ಯದ ಚಾರ್ಲ್‌ಸ್ಟನ್ ಊರಿನ ಚರ್ಚಿನಲ್ಲಿ ಒಬ್ಬ ಬಿಳಿಯ ಯುವಕ 9 ಮಂದಿ ಕರಿಯರನ್ನು ಗುಂಡಿಟ್ಟು ಕೊಂದ. ಕಾನ್ಫೆಡರೇಟ್ ಬಾವುಟ ಹಿಡಿದ ಅವನ ಫೋಟೊಗಳು ಹೊರಬಂದವು. ಧಾರಾವಾಹಿ ತಯಾರಿಸಿದ್ದ ವಾರ್ನರ್ ಬ್ರದರ್ಸ್ ಬಾವುಟವಿರುವ ಆಟಿಕೆ ಕಾರುಗಳನ್ನು ನಿಲ್ಲಿಸಿತು. ಟಿವಿ ಲ್ಯಾಂಡ್ ಚಾನೆಲ್ ಧಾರಾವಾಹಿಯ ಮರುಪ್ರಸಾರ ಕೈಬಿಟ್ಟಿತು. ಒಂದು ಲೀ ಕಾರನ್ನು 2012ರಲ್ಲಿ ಹರಾಜಿನಲ್ಲಿ ಕೊಂಡಿದ್ದ ಗಾಲ್ಫ್ ಆಟಗಾರ ಬಬ್ಬಾ ವಾಟ್ಸನ್, ಬಾವುಟ ಅಳಿಸಿ ಅಮೆರಿಕದ ಧ್ವಜ ಬರೆಸುತ್ತೇನೆ ಎಂದರು. ಮೆಕ್ಯಾನಿಕ್ ಕೂಟರ್ ಪಾತ್ರ ಮಾಡಿ, ಮುಂದೆ ಡೆಮಾಕ್ರಟಿಕ್ ಸಂಸದರೂ ಆಗಿದ್ದ ಬೆನ್ ಜೋನ್ಸ್ ಇದನ್ನೆಲ್ಲ ಕಟುವಾಗಿ ವಿರೋಧಿಸಿದರು.

ಜಗಳವೆಲ್ಲ ಮೇಲ್ಛಾವಣಿಯ ಸುತ್ತಲೇ ನಡೆದದ್ದು ನನಗೆ ವಿಚಿತ್ರ ಅನ್ನಿಸುತ್ತದೆ. ಬಾವುಟಕ್ಕೆ ಬಣ್ಣ ಬಳಿದರೂ ಗುಂಡಿ ಒತ್ತಿದರೆ ಅದೇ ಹಾಡು ಅಲ್ವಾ? ಹಾಡಿನ ಸರದಿ ಬಂದದ್ದು ಬೇರೆ ಕಡೆ. 2016ರಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯವು ತನ್ನ ವಾದ್ಯತಂಡ ಇನ್ನು ಪಂದ್ಯಗಳಲ್ಲಿ 'ಡಿಕ್ಸಿ' ನುಡಿಸುವುದಿಲ್ಲ ಎಂದು ಪ್ರಕಟಿಸಿತು.