ತೊಟ್ಟಿಯೇ ಇಲ್ಲದ ಮೇಲೆ ಕಸ ಎಲ್ಲಿ ಹಾಕಬೇಕು?

ಓದುಗರ ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಮ್ಮ ಬಡಾವಣೆಯ ಯಾವ ರಸ್ತೆಯಲ್ಲೂ ಈಗ ಕಸದ ತೊಟ್ಟಿ ಇಲ್ಲ. ತೊಟ್ಟಿಯೇ ಇಲ್ಲದ ಮೇಲೆ ಜನ ರಸ್ತೆಗೆ ಎಸೆಯದೆ ಇನ್ನೇನು ಮಾಡಬೇಕು? ಮೊದಲು ತೊಟ್ಟಿ ಇಡಲಿ, ಆಮೇಲೆ ಜನರಿಗೆ ಬುದ್ಧಿ ಹೇಳಲಿ. ಅಲ್ವಾ?

ಅಲ್ಲ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ನನಗೇ ಲೆಕ್ಕ ಸಿಗುತ್ತಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳಿದ್ದಾರೆ. ಹೈಸ್ಕೂಲಿನಲ್ಲಿ ನನ್ನ ಹತ್ತಿರ ವಿಜ್ಞಾನ ಕಲಿತು, ಈಗ ತಾವೇ ಅಪ್ಪ ಅಮ್ಮ ಆಗಿರುವವರು ಎಂ.ಜಿ. ರಸ್ತೆಯಲ್ಲಿ ಬೈಕ್ ನಿಲ್ಲಿಸಿ, "ಮಿಸ್, ತೊಟ್ಟಿನೇ ಇಲ್ವಲ್ಲ" ಎಂದಿದ್ದಾರೆ. ಪ್ರತಿ ಸಲ ಅರ್ಧ ಹೇಳುವಷ್ಟರಲ್ಲಿ ಮಾತು ಬೇರೆ ಕಡೆ ಹೋಗುತ್ತದೆ. ಈ ಸಲ ಪೂರ್ತಿ ಹೇಳುತ್ತೇನೆ.

ಚಿಕ್ಕ ಉತ್ತರ ಬೇಕಾದವರಿಗೆ ಮೊದಲೇ ಹೇಳಿಬಿಡುತ್ತೇನೆ. ಮನೆ ಕಸ ಬಾಗಿಲಿಗೆ ಬರುವ ಗಾಡಿಗೆ. ಅಂಗಡಿ ಕಸ ಅಂಗಡಿಯವರ ಡಬ್ಬಿಗೆ. ತಳ್ಳುಗಾಡಿಯವರೂ ತಮ್ಮ ಕಸಕ್ಕೆ ತಾವೇ ಡಬ್ಬಿ ಇಟ್ಟುಕೊಳ್ಳಬೇಕು ಎಂದು 2016ರ ಘನತ್ಯಾಜ್ಯ ನಿರ್ವಹಣೆ ನಿಯಮದಲ್ಲೇ ಬರೆದಿದ್ದರು. ದಾರಿಯಲ್ಲಿ ಕೈಗೆ ಬಂದ ಚಾಕಲೇಟ್ ಕವರು, ಬಸ್ ಟಿಕೆಟ್ಟು ಜೇಬಿಗೆ ಹೋಗಲಿ, ಜೇಬಿನಿಂದ ಮನೆಗೆ.

ಇನ್ನು "ತೊಟ್ಟಿ ಇಲ್ಲ, ಅದಕ್ಕೇ ರಸ್ತೆಯಲ್ಲಿ ಕಸ" ಅನ್ನುವ ಮಾತು. ಇದು ಎಷ್ಟು ಗಟ್ಟಿಯಾಗಿ ಬೇರು ಬಿಟ್ಟಿದೆ ಎಂದರೆ, ಇದನ್ನು ಯಾರೂ ಪರೀಕ್ಷೆ ಮಾಡಿ ನೋಡುವುದೇ ಇಲ್ಲ. ನಾನು ಮಾಡಿದ್ದೇನೆ.

ನಮ್ಮ ಬೀದಿಯ ತಿರುವಿನಲ್ಲಿ ಒಂದು ಕರೆಂಟ್ ಕಂಬ ಇದೆ. ಅದರ ಬುಡದಲ್ಲಿ ಆಗ ಯಾವಾಗಲೂ ಒಂದು ರಾಶಿ ಇರುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ಕೈಗವಸು ಹಾಕಿಕೊಂಡು, ಉದ್ದದ ಕಡ್ಡಿ ಹಿಡಿದು ಆ ರಾಶಿಯನ್ನು ಬಿಡಿಸಲು ಕೂತೆ. ಬೀದಿಯ ಮೂವರು ಮಕ್ಕಳು ನೋಡಲು ಬಂದು ನಿಂತರು. ಹಾಲಿನ ಕವರುಗಳು. ಸೀಮೆಬದನೆಕಾಯಿಯ ಸಿಪ್ಪೆ. ಬಂಗುಡೆ ಮೀನಿನ ತಲೆ. ಸೋಸಿದ ಕಾಫಿಪುಡಿ. ಮಗುವಿನ ಡೈಪರು. ಬಾಡಿದ ಸೇವಂತಿಗೆ, ಅದರ ಜತೆ ದೇವರ ಮುಂದೆ ಉರಿದು ಕಪ್ಪಾದ ಬತ್ತಿ. ಒಡೆದ ಗಾಜಿನ ಲೋಟ, ಸುತ್ತ ಒಂದು ಕಾಗದವೂ ಇಲ್ಲ. ಹೆಚ್ಚಿನವು ಕಪ್ಪು ಕವರಿನಲ್ಲೋ ಬಟ್ಟೆ ಅಂಗಡಿಯ ಕವರಿನಲ್ಲೋ ಇದ್ದವು. ನಾಯಿ ಹರಿದಿದ್ದ ಕವರುಗಳನ್ನು ಬಿಟ್ಟರೆ ಉಳಿದವುಗಳ ಬಾಯಿಗೆ ಗಂಟು ಹಾಕಿತ್ತು.

ಏಳನೇ ಕ್ಲಾಸಿನ ಹುಡುಗಿ ಅದನ್ನೇ ನೋಡುತ್ತಿದ್ದಳು. "ಮಿಸ್, ನಡ್ಕೊಂಡು ಹೋಗೋರು ಕಸಕ್ಕೆ ಗಂಟು ಹಾಕಲ್ಲ ಅಲ್ವಾ?" ಎಂದಳು. ಇಷ್ಟು ವರ್ಷ ಪಾಠ ಮಾಡಿದ್ದಕ್ಕೆ ಆ ಒಂದು ಪ್ರಶ್ನೆ ಸಾಕು ಅನ್ನಿಸಿತು ನನಗೆ. ಅವಳು ಹೇಳಿದ್ದೇ ಸರಿ. ಗಂಟು ಬಿದ್ದಿರುವುದು ಅಡುಗೆಮನೆಯಲ್ಲಿ. ಆ ಕವರು ಹೊಸ್ತಿಲು ದಾಟಿ, ಗೇಟು ದಾಟಿ, ಸ್ಕೂಟರಿನ ಹ್ಯಾಂಡಲಿಗೆ ನೇತು ಬಿದ್ದು ಕಂಬದ ತನಕ ಬಂದಿದೆ. ತೊಟ್ಟಿ ಸಿಗದೆ ಕಂಗೆಟ್ಟ ದಾರಿಹೋಕನ ಕಸ ಅದಲ್ಲ. ಬಾಗಿಲಿಗೆ ಗಾಡಿ ಬರುವ ಮನೆಯದೇ ಕಸ.

ನಿಮ್ಮ ಬೀದಿಯ ರಾಶಿಯನ್ನೂ ಒಮ್ಮೆ ನೋಡಿ. ಗಂಟು ಇದೆಯಾ ಇಲ್ಲವಾ, ಅಷ್ಟು ನೋಡಿದರೆ ಸಾಕು.

ಇದೇ ಕಂಬದ ಕೆಳಗೆ ಹಿಂದೆ ಸಿಮೆಂಟ್ ರಿಂಗಿನ ತೊಟ್ಟಿ ಇತ್ತು. ಅದನ್ನೂ ನಾನು ಕಣ್ಣಾರೆ ನೋಡಿದ್ದೇನೆ. ಇಟ್ಟ ಮೊದಲ ವಾರ ಎಲ್ಲರೂ ಹತ್ತಿರ ಹೋಗಿ ಹಾಕಿದರು. ಆಮೇಲೆ ತೊಟ್ಟಿಯ ಸುತ್ತ ರಾಡಿ ಆಯಿತು. ಚಪ್ಪಲಿ ಕೆಡುತ್ತದೆ ಎಂದು ನಾಲ್ಕು ಮಾರು ದೂರದಿಂದ ಬೀಸಿ ಎಸೆಯಲು ಶುರು ಮಾಡಿದರು. ಅರ್ಧ ಒಳಗೆ ಬಿತ್ತು, ಅರ್ಧ ಹೊರಗೆ. ಹೊರಗೆ ಬಿದ್ದದ್ದಕ್ಕೆ ನಾಯಿ ಬಂತು, ಹಸು ಬಂತು. ಪಕ್ಕದ ಬೀದಿಯವರು ಬಂದರು. ಅವರ ಬೀದಿಯಲ್ಲಿ ತೊಟ್ಟಿ ಇರಲಿಲ್ಲವಲ್ಲ. ಜೂನ್ ಬಂತು. ನಮ್ಮ ಮಳೆ ಗೊತ್ತಲ್ಲ, ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ತೊಟ್ಟಿ ತುಂಬ ನೀರು ನಿಂತು, ಅದರ ಮೇಲೆ ಅನ್ನ, ಡೈಪರು ತೇಲಿ, ಬಿಳಿ ಹುಳ ಗೋಡೆ ಹತ್ತಿದವು. ಎದುರು ಮನೆಯವರು ಕಿಟಕಿ ತೆಗೆಯುವುದನ್ನೇ ಬಿಟ್ಟರು. ಕೊನೆಗೆ ತೊಟ್ಟಿ ತೆಗೆಸಿ ಎಂದು ಅರ್ಜಿ ಬರೆದವರು ನಮ್ಮ ಬೀದಿಯವರೇ. ಅದಕ್ಕೆ ಸಹಿ ಹಾಕಿದವರಲ್ಲಿ ತೊಟ್ಟಿ ಬೇಕೇ ಬೇಕು ಎಂದು ಮೊದಲು ಜಗಳ ಮಾಡಿದವರೂ ಇದ್ದರು.

ತೊಟ್ಟಿ ಬೇಕು ಅನ್ನುವವರನ್ನು ನಾನು ಒಂದೇ ಮಾತು ಕೇಳುತ್ತೇನೆ. ನಿಮ್ಮ ಗೇಟಿನ ಪಕ್ಕದಲ್ಲೇ ಇಡಿಸೋಣವಾ? ಇಲ್ಲಿಯವರೆಗೆ ಒಬ್ಬರೂ ಹೂಂ ಅಂದಿಲ್ಲ.

ತೊಟ್ಟಿಯ ದೊಡ್ಡ ತೊಂದರೆ ವಾಸನೆಯೂ ಅಲ್ಲ. ಅಲ್ಲಿ ಎಲ್ಲ ಕಸವೂ ಬೆರೆತು ಹೋಗುತ್ತದೆ. ಹಸಿ ಕಸ ಬೇರೆ ಇದ್ದರೆ ಗೊಬ್ಬರ, ಒಣ ಕಸ ಬೇರೆ ಇದ್ದರೆ ಗುಜರಿ. ಸಾರು ಹಚ್ಚಿಕೊಂಡ ರಟ್ಟನ್ನು ಗುಜರಿಯವರೂ ಮುಟ್ಟುವುದಿಲ್ಲ. ಒಂದು ಸಲ ಬೆರೆತದ್ದನ್ನು ಮತ್ತೆ ಬೇರೆ ಮಾಡಬೇಕಾದರೆ ಒಬ್ಬರು ಕೈ ಹಾಕಲೇಬೇಕು. ಆ ಒಡೆದ ಲೋಟ ಇರುವ ಕವರಿಗೇ. ಆ ಕೈ ನಿಮ್ಮದಲ್ಲ, ನನ್ನದಲ್ಲ, ಪೌರಕಾರ್ಮಿಕರದ್ದು. ಅದಕ್ಕೇ ನಿಯಮ ಬೀದಿಯನ್ನು ಬಿಟ್ಟು ಮನೆಯಿಂದ ಶುರುವಾಗುತ್ತದೆ. ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಮೂರನ್ನೂ ಬೇರೆ ಬೇರೆ ಕೊಡಿ ಎಂದು 2016ರ ನಿಯಮದಲ್ಲೇ ಹೇಳಿದ್ದರು.

ದೂರ ಹೋಗುವುದೂ ಬೇಡ. ನಗರಗಳ ಸ್ವಚ್ಛತೆ ಅಳೆಯಲು ಕೇಂದ್ರ ಸರ್ಕಾರ ನಡೆಸುವ ಸ್ವಚ್ಛ ಸರ್ವೇಕ್ಷಣೆಯಲ್ಲಿ 2016ರಲ್ಲಿ 73 ನಗರಗಳ ಪೈಕಿ ಮೈಸೂರು ಮೊದಲ ಸ್ಥಾನ ಪಡೆಯಿತು. ಅಲ್ಲಿ ಕುಂಬಾರಕೊಪ್ಪಲಿನ ಘಟಕಕ್ಕೆ ಹೋಗಿ ನೋಡಿದರೆ ಗೊತ್ತಾಗುತ್ತದೆ, ಮನೆಮನೆಯಿಂದ ತಂದ ಕಸವನ್ನು ಬಡಾವಣೆಯ ಹತ್ತಿರವೇ ವಿಂಗಡಿಸಿ ಗೊಬ್ಬರ ಮಾಡುವುದು ಹೇಗೆ ಎಂದು. 2017ರಿಂದ ವರ್ಷ ವರ್ಷ ಮೊದಲು ಬಂದ ಇಂದೋರ್ ಮಾಡಿದ್ದೇನು ಗೊತ್ತಾ? ರಸ್ತೆಯ ದೊಡ್ಡ ಕಸದ ತೊಟ್ಟಿಗಳನ್ನು ತೆಗೆದುಹಾಕಿ, ಬಾಗಿಲಿಗೆ ಗಾಡಿ ಕಳಿಸಿತು.

ಹಾಗಾದರೆ ಜನ ಕಂಬದ ಬುಡಕ್ಕೆ ಯಾಕೆ ತರುತ್ತಾರೆ? ನಾನು ಕೇಳಿದ್ದೇನೆ, ಸಿಕ್ಕಿಬಿದ್ದವರನ್ನೇ. "ಗಾಡಿ ಬರೋ ಹೊತ್ತಿಗೆ ನಾವು ಕೆಲಸಕ್ಕೆ ಹೋಗಿರ್ತೀವಿ. ಮನೇಲಿ ಇಟ್ಕೊಂಡ್ರೆ ನಾರುತ್ತೆ." ಈ ಮಾತಿನ ಮೊದಲ ಅರ್ಧ ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಬೆಳಗಿನ ಬಸ್ಸಿಗೆ ಓಡುವ ಮನೆಗಳಿವೆ. ಕಾಲೇಜು ಹುಡುಗರ ಬಾಡಿಗೆ ರೂಮುಗಳಿವೆ. ಆದರೆ ಎರಡನೇ ಅರ್ಧಕ್ಕೆ ಪರಿಹಾರ ಇದೆ. ಕಸ ನಾರುವುದು ಅದು ಕಸ ಎಂಬ ಕಾರಣಕ್ಕಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಬಿಗಿದಾಗ ಒಳಗೆ ಗಾಳಿ ಆಡುವುದಿಲ್ಲ. ಗಾಳಿ ಇಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಕೆಲಸ ಶುರು ಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬರುವುದು ಹಾಗೆ. ಅದೇ ಹಸಿ ಕಸವನ್ನು ನೀರು ಬಸಿದು, ತೂತು ಮಾಡಿದ ಬಕೆಟ್ಟಿಗೆ ಹಾಕಿ, ಮೇಲೆ ಒಂದು ಹಿಡಿ ದರಗು, ಅಂದರೆ ಉದುರಿ ಒಣಗಿದ ಎಲೆ, ಉದುರಿಸಿ ನೋಡಿ. ಮಲೆನಾಡಿನಲ್ಲಿ ದರಗಿಗೆ ಬರವೇ? ಎರಡು ದಿನ ಇಟ್ಟರೂ ಮೂಗು ಮುಚ್ಚಿಕೊಳ್ಳುವ ಹಾಗೆ ಆಗುವುದಿಲ್ಲ. ಒಣ ಕಸ ತೊಳೆದಿಟ್ಟರೆ ವಾರ ಇಟ್ಟರೂ ಏನೂ ಆಗದು.

ನಮ್ಮ ಬೀದಿಯಲ್ಲಿ ಇನ್ನೊಂದು ಏರ್ಪಾಡು ತಾನಾಗಿಯೇ ಆಯಿತು. ಕೊನೆಯ ಮನೆಯ ಅಜ್ಜಿ ದಿನಾ ಗಾಡಿಗೆ ಕಾಯುತ್ತಾರೆ. ಬೇಗ ಹೊರಡುವ ನಾಲ್ಕು ಮನೆಯವರು ಬಕೆಟ್ಟನ್ನು ಅವರ ಜಗಲಿಯ ಮೇಲೆ ಇಟ್ಟು ಹೋಗುತ್ತಾರೆ. ಹಸಿರು ಬಕೆಟ್ಟಿನ ಹಿಡಿಗೆ ಒಬ್ಬೊಬ್ಬರದು ಒಂದೊಂದು ಬಣ್ಣದ ದಾರ, ಯಾರದು ಎಂದು ಗೊತ್ತಾಗಲಿ ಅಂತ. ಕಂಬದ ಬುಡದ ರಾಶಿ ಕರಗಿದ್ದು ಇದರಿಂದ. ಅದಕ್ಕೂ ಮೊದಲು ಅಲ್ಲಿ ರಂಗೋಲಿ ಹಾಕಿದ್ದೆವು, ಗೋಡೆಗೆ ದೇವರ ಪಟ ಅಂಟಿಸಿದ್ದೆವು. ಅವು ಸ್ವಲ್ಪ ದಿನ ನಡೆದವು, ಆಮೇಲೆ ಪಟದ ಕೆಳಗೇ ಕವರು ಬಿತ್ತು.

ತೊಟ್ಟಿ ಎಲ್ಲೂ ಬೇಡ ಎಂದು ನಾನು ಹೇಳುತ್ತಿಲ್ಲ. ಬಸ್ ಸ್ಟ್ಯಾಂಡಿಗೆ ಬೇಕು. ಸಂತೆಗೆ ಬೇಕು. ಖಾಲಿ ಮಾಡುವವರು ದಿನಕ್ಕೆ ಇಷ್ಟು ಸಲ ಬರುತ್ತಾರೆ ಎಂದು ಗೊತ್ತಿರುವ ಕಡೆ ಮಾತ್ರ ಬೇಕು. ಗಿರಿಯ ಮೇಲೆ ಬೇಡವೇ ಬೇಡ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಗಾಳಿಗೆ ಯಾವ ತೊಟ್ಟಿಯ ಮುಚ್ಚಳವೂ ನಿಲ್ಲುವುದಿಲ್ಲ. ಕೈಮರ ದಾಟಿ ಮೇಲೆ ಹೋಗುವಾಗ ತುಂಬಿದ ಬಾಟಲಿಯನ್ನು ಹೊತ್ತೊಯ್ಯುವವರಿಗೆ ಇಳಿಯುವಾಗ ಖಾಲಿ ಬಾಟಲಿ ಭಾರವಾಗುವುದಿಲ್ಲ. "ಅದೆಲ್ಲ ಬೆಂಗಳೂರಿನವರು ಮಾಡೋದು" ಎಂದು ನಾವು ಸುಮ್ನೆ ಕೂರುವ ಹಾಗೂ ಇಲ್ಲ. ಯಗಚಿ ಹುಟ್ಟುವುದು ಇದೇ ಬಾಬಾಬುಡನ್‌ಗಿರಿ ಸಾಲಿನಲ್ಲಿ. ಅದು ಇಳಿದು ಬೇಲೂರಿನ ಹತ್ತಿರ ಜಲಾಶಯ ಸೇರುತ್ತದೆ. ಅಲ್ಲಿಂದ ನೀರು ತಿರುಗಿ ಬರುವುದು ನಮ್ಮ ನಲ್ಲಿಗೇ.

ಗಿರಿಯ ಮಾತು ಬಂದಾಗ ಇನ್ನೊಂದು ನೆನಪಾಗುತ್ತದೆ. ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳಬೇಕು. ಅಲ್ಲಿ ಬಾಟಲಿಯ ನಂತರ ಜಾಸ್ತಿ ಬಿದ್ದಿರುವುದು ಪೇಪರ್ ಕಪ್. "ಅದು ಕಾಗದ ಅಲ್ವಾ, ಮಳೆಗೆ ಕರಗುತ್ತೆ" ಎಂದುಕೊಂಡು ಒಳ್ಳೆಯವರೂ ಎಸೆದು ಹೋಗುತ್ತಾರೆ. ಬಾಬಾಬುಡನ್ ಏಳು ಕಾಫಿ ಬೀಜ ತಂದರು ಎಂದು ಹೇಳಿಕೊಳ್ಳುವ ಬೆಟ್ಟದಲ್ಲೇ ಈ ಕಪ್ಪುಗಳು ಬಿದ್ದಿರುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಬರೀ ಕಾಗದವಾಗಿದ್ದರೆ ಬಿಸಿ ಕಾಫಿ ಹಾಕಿದ ಸ್ವಲ್ಪ ಹೊತ್ತಿಗೆ ಸೋರಬೇಕಿತ್ತು. ಸೋರುವುದಿಲ್ಲ, ಯಾಕೆಂದರೆ ಒಳಗೆ ತೆಳ್ಳನೆಯ ಪ್ಲಾಸ್ಟಿಕ್ ಪದರ ಇದೆ. ನನ್ನ ಮಾತು ನಂಬಬೇಡಿ. ಒಂದು ಕಪ್ಪನ್ನು ಹರಿದು ರಾತ್ರಿ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಕಾಗದವನ್ನು ಬೆರಳಿನಿಂದ ಉಜ್ಜಿದರೆ ಹಿಟ್ಟಿನ ಹಾಗೆ ಬಿಡುತ್ತದೆ. ಕೈಯಲ್ಲಿ ಉಳಿಯುವುದು ಈರುಳ್ಳಿಯ ಒಳಪೊರೆಯಷ್ಟು ತೆಳುವಾದ, ಆಚೆ ಬದಿ ಕಾಣುವ ಒಂದು ಹಾಳೆ. ಕ್ಲಾಸಿನಲ್ಲಿ ಇದನ್ನು ಮಾಡಿಸಿದ ದಿನ ಮಕ್ಕಳು ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಬ್ಬರಿಗೊಬ್ಬರು ತೋರಿಸಿಕೊಂಡರು. ಖರಗ್‌ಪುರದ ಐಐಟಿಯವರು 2020ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. 100 ಮಿಲಿಲೀಟರ್ ಬಿಸಿ ನೀರು ಇಂಥ ಕಪ್ಪಿನಲ್ಲಿ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದಕ್ಕೆ ಸೇರುತ್ತವೆ ಎಂದು ಕಂಡುಕೊಂಡರು.

ಬಸ್ ಸ್ಟ್ಯಾಂಡಿನ ಹತ್ತಿರ ನಾನು ಕಾಫಿ ಕುಡಿಯುವ ಗೂಡಂಗಡಿಯಲ್ಲಿ ಗಾಜಿನ ಲೋಟಗಳೂ ಇವೆ, ಹಿಂದಿನ ಹಲಗೆಯ ಮೇಲೆ ಬೋರಲು ಹಾಕಿಟ್ಟಿರುತ್ತಾರೆ. ಕೇಳಿದವರಿಗೆ ಅದರಲ್ಲೇ ಕೊಡುತ್ತಾರೆ. ಪೇಪರ್ ಕಪ್ಪಿನಲ್ಲೇ ಕುಡಿಯಬೇಕಾಗಿ ಬಂದರೆ, ತಳದಲ್ಲಿ ಉಳಿದದ್ದನ್ನು ಚೆಲ್ಲಿ, ಕಪ್ಪನ್ನು ಚಪ್ಪಟೆ ಮಾಡಿ ಬ್ಯಾಗಿಗೆ ಹಾಕಿಕೊಳ್ಳಿ. ಮನೆಗೆ ಹೋದ ಮೇಲೆ ಒಣ ಕಸಕ್ಕೆ. ಹಸಿ ಕಸಕ್ಕೆ ಬೇಡ, ಗೊಬ್ಬರದ ಗುಂಡಿಯಲ್ಲಿ ಆ ಪೊರೆ ಹಾಗೇ ಉಳಿಯುತ್ತದೆ.