ಒಂದೇ ಕೊಲೆ, ಎರಡು ದೇಶಗಳ ನ್ಯಾಯಾಲಯ: ಕಾರೊ ಕಿಂಟೆರೊ ಮೊಕದ್ದಮೆ

ಓದುಗರ ಪ್ರಶ್ನೆ: ಅಮೆರಿಕದ ಮಾದಕವಸ್ತು ನಿಗ್ರಹ ಅಧಿಕಾರಿಯ ಕೊಲೆಗಾಗಿ ರಫಾಯೆಲ್ ಕಾರೊ ಕಿಂಟೆರೊ ಮೆಕ್ಸಿಕೋದಲ್ಲಿ 28 ವರ್ಷ ಜೈಲಿನಲ್ಲಿದ್ದ. ನ್ಯಾಯಾಲಯವೇ ಅವನನ್ನು ಬಿಡುಗಡೆ ಮಾಡಿತು. ಹಾಗಿದ್ದೂ ಅದೇ ಕೊಲೆಗೆ ಅಮೆರಿಕ ಅವನನ್ನು ಮತ್ತೆ ವಿಚಾರಣೆಗೆ ಗುರಿಪಡಿಸುವುದು ಹೇಗೆ ಸಾಧ್ಯ?

ಉತ್ತರ: ಆ ಬಿಡುಗಡೆಯ ಸ್ವರೂಪವನ್ನು ಮೊದಲು ಸರಿಯಾಗಿ ಅರಿಯಬೇಕು. 2013ರ ಆಗಸ್ಟ್‌ನಲ್ಲಿ ಮೆಕ್ಸಿಕೋದ ಹಾಲಿಸ್ಕೊ ರಾಜ್ಯದ ನ್ಯಾಯಪೀಠ ಅವನನ್ನು ನಿರಪರಾಧಿ ಎಂದು ಹೇಳಲಿಲ್ಲ. ಕೊಲೆಯಾದ ಎನ್ರಿಕೆ ಕಮರೇನಾ ಮಾನ್ಯತೆ ಪಡೆದ ರಾಜತಾಂತ್ರಿಕನಾಗಲಿ ಕಾನ್ಸುಲರ್ ಅಧಿಕಾರಿಯಾಗಲಿ ಆಗಿರಲಿಲ್ಲ, ಆದ್ದರಿಂದ ಮೊಕದ್ದಮೆ ಫೆಡರಲ್ ನ್ಯಾಯಾಲಯದ ಬದಲು ರಾಜ್ಯದ ನ್ಯಾಯಾಲಯದಲ್ಲಿ ನಡೆಯಬೇಕಿತ್ತು ಎಂಬುದಷ್ಟೇ ಅದರ ವಾದ. 40 ವರ್ಷಗಳ ಶಿಕ್ಷೆ ಹೀಗೆ ವ್ಯಾಪ್ತಿಯ ಪ್ರಶ್ನೆಯ ಮೇಲೆ ಬಿದ್ದುಹೋಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಮೆಕ್ಸಿಕೋದ ಸುಪ್ರೀಂ ಕೋರ್ಟ್ ಈ ತೀರ್ಪನ್ನು ರದ್ದುಪಡಿಸಿತಾದರೂ ಅಷ್ಟರಲ್ಲಿ ಆತ ತಲೆಮರೆಸಿಕೊಂಡಿದ್ದ.

ಸಿನಾಲೋವಾದ ಬಾದಿರಗ್ವಾತೊದಲ್ಲಿ 1952ರಲ್ಲಿ ಹುಟ್ಟಿದ ಕಾರೊ ಕಿಂಟೆರೊ, ಗ್ವಾದಲಹಾರಾ ಕಾರ್ಟೆಲ್ ಎಂಬ ಮಾದಕವಸ್ತು ಸಾಗಣೆ ಜಾಲವನ್ನು ಕಟ್ಟಿದ ಪ್ರಮುಖರಲ್ಲಿ ಒಬ್ಬ. 1984ರ ನವೆಂಬರ್‌ನಲ್ಲಿ ಮೆಕ್ಸಿಕೋ ಸೇನೆ ಚಿವಾವಾ ರಾಜ್ಯದ ಎಲ್ ಬೂಫಲೊ ತೋಟದ ಮೇಲೆ ದಾಳಿ ಮಾಡಿ ಸಾವಿರಾರು ಟನ್ ಗಾಂಜಾ ಸುಟ್ಟಿತು. ಇದಕ್ಕೆ ಕಮರೇನಾ ಕಾರಣನೆಂದು ಕಾರ್ಟೆಲ್ ಬಗೆಯಿತು ಎಂಬುದು ಪ್ರಾಸಿಕ್ಯೂಷನ್ ವಾದ. 1985ರ ಫೆಬ್ರವರಿ 7ರಂದು ಹಾಡಹಗಲೇ ಕಮರೇನಾನ ಅಪಹರಣವಾಯಿತು. ಅವನೊಡನೆ ಕೆಲಸ ಮಾಡುತ್ತಿದ್ದ ಮೆಕ್ಸಿಕೋದ ವಿಮಾನ ಚಾಲಕ ಅಲ್ಫ್ರೆದೊ ಸವಾಲಾನನ್ನೂ ಅದೇ ದಿನ ಎತ್ತಿಕೊಂಡು ಹೋದರು. ಚಿತ್ರಹಿಂಸೆಗೆ ಒಳಗಾಗಿದ್ದ ಇಬ್ಬರ ಶವಗಳೂ ಮಾರ್ಚ್‌ನಲ್ಲಿ ಮಿಚೊಅಕಾನ್‌ನಲ್ಲಿ ಸಿಕ್ಕವು. ಈ ಪ್ರಕರಣದ ಬಗ್ಗೆ ಬರೆಯುವವರು ಸವಾಲಾನ ಹೆಸರನ್ನು ಆಗಾಗ ಬಿಟ್ಟುಬಿಡುತ್ತಾರೆ. ಅದು ನನಗೆ ಅನ್ಯಾಯವೆನಿಸುತ್ತದೆ. ಏಪ್ರಿಲ್‌ನಲ್ಲಿ ಕಾರೊ ಕಿಂಟೆರೊ ಕೋಸ್ಟರಿಕಾದಲ್ಲಿ ಸೆರೆಯಾದ.

ಈಗ ಪ್ರಶ್ನೆಯ ತಿರುಳಿಗೆ ಬರೋಣ. ನಮ್ಮ ಸಂವಿಧಾನದ 20(2)ನೇ ವಿಧಿಯಂತೆ ಅಮೆರಿಕದ ಐದನೇ ತಿದ್ದುಪಡಿಯೂ ಒಂದೇ ಅಪರಾಧಕ್ಕೆ ಎರಡು ಬಾರಿ ವಿಚಾರಣೆಗೆ ಒಳಪಡುವುದರಿಂದ ರಕ್ಷಣೆ ಕೊಡುತ್ತದೆ. ಆದರೆ ಬೇರೆ ಬೇರೆ ಸಾರ್ವಭೌಮ ಅಧಿಕಾರಗಳ ಕಾನೂನನ್ನು ಮುರಿದಾಗ ಅವು ಬೇರೆ ಬೇರೆ ಅಪರಾಧಗಳೇ ಆಗುತ್ತವೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಬಹುಕಾಲದಿಂದ ಹೇಳುತ್ತಾ ಬಂದಿದ್ದು, 2019ರಲ್ಲಿ ಇದನ್ನು ಪುನಃ ಎತ್ತಿಹಿಡಿದಿದೆ. ಹೀಗಾಗಿ ಮೆಕ್ಸಿಕೋದ ತೀರ್ಪು ಅಮೆರಿಕದ ನ್ಯಾಯಾಲಯದ ಕೈ ಕಟ್ಟುವುದಿಲ್ಲ. ಮೇಲಾಗಿ ನ್ಯೂಯಾರ್ಕ್‌ನ ಬ್ರೂಕ್ಲಿನ್ ನ್ಯಾಯಾಲಯದಲ್ಲಿ ಅವನ ಮೇಲೆ ಹೊರಿಸಿದ ಆರೋಪಪಟ್ಟಿ ಬರಿಯ ಕೊಲೆಯದಲ್ಲ. ದಶಕಗಳ ಕಾಲ ಮಾದಕವಸ್ತು ಸಾಗಿಸಿದ ನಿರಂತರ ಅಪರಾಧ ಜಾಲವನ್ನು ನಡೆಸಿದನೆಂಬುದು ಮುಖ್ಯ ಆರೋಪ, ಕಮರೇನಾ ಕೊಲೆ ಅದರೊಳಗಿನ ಒಂದು ಭಾಗ.

ನಿಜವಾದ ತಡೆ ಇದ್ದದ್ದು ಸಂವಿಧಾನದಲ್ಲಲ್ಲ, ಅಮೆರಿಕ ಮತ್ತು ಮೆಕ್ಸಿಕೋ ನಡುವಿನ 1978ರ ಆರೋಪಿಗಳ ಹಸ್ತಾಂತರ ಒಪ್ಪಂದದಲ್ಲಿ. ತನ್ನಲ್ಲಿ ಈಗಾಗಲೇ ವಿಚಾರಣೆಗೊಳಗಾದ ಅಪರಾಧಕ್ಕಾಗಿ ಯಾವ ದೇಶವೂ ಆರೋಪಿಯನ್ನು ಹಸ್ತಾಂತರಿಸುವಂತಿಲ್ಲ ಎಂದು ಅದರ 6ನೇ ವಿಧಿ ಹೇಳುತ್ತದೆ. ಮರಣದಂಡನೆ ವಿಧಿಸುವುದಿಲ್ಲವೆಂಬ ಭರವಸೆ ಕೇಳಲೂ ಒಪ್ಪಂದದಲ್ಲಿ ಅವಕಾಶವಿದೆ. 2022ರ ಜುಲೈ 15ರಂದು ಮೆಕ್ಸಿಕೋ ನೌಕಾಪಡೆ ಸಿನಾಲೋವಾದಲ್ಲಿ ಅವನನ್ನು ಮತ್ತೆ ಹಿಡಿದ ಮೇಲೆ (ಅದೇ ದಿನ ಹೆಲಿಕಾಪ್ಟರ್ ಬಿದ್ದು 14 ಯೋಧರು ಪ್ರಾಣ ಕಳೆದುಕೊಂಡರು) ಅವನ ವಕೀಲರು ತಡೆಯಾಜ್ಞೆಗಳ ಮೂಲಕ ಹಸ್ತಾಂತರವನ್ನು ಎರಡೂವರೆ ವರ್ಷ ಮುಂದೂಡಿದರು. ಕೊನೆಗೆ 2025ರ ಫೆಬ್ರವರಿ 27ರಂದು ಮೆಕ್ಸಿಕೋ ಸರ್ಕಾರ ಆ ಒಪ್ಪಂದವನ್ನು ಬದಿಗಿಟ್ಟು, ರಾಷ್ಟ್ರೀಯ ಭದ್ರತೆಯ ಕಾರಣ ನೀಡಿ, ಅವನೂ ಸೇರಿದಂತೆ 29 ಮಂದಿಯನ್ನು ಅಮೆರಿಕಕ್ಕೆ ಕಳುಹಿಸಿತು. ಈ ದಾರಿಯನ್ನು ಒಪ್ಪುವುದು ನನಗೆ ಕಷ್ಟ: ಆರೋಪಿ ಎಂಥವನೇ ಆಗಿರಲಿ, ಬಾಕಿಯಿದ್ದ ಅರ್ಜಿಗಳ ತೀರ್ಪಿಗೆ ಕಾಯದೆ ಸಾಗಹಾಕಿದರೆ ನ್ಯಾಯಾಲಯದ ಬಾಗಿಲಿಗೆ ಅರ್ಥವೇನು ಉಳಿಯುತ್ತದೆ?

ಆದರೂ ಬಂದ ದಾರಿ ತಪ್ಪೆಂಬ ವಾದ ಅಮೆರಿಕದಲ್ಲಿ ನಿಲ್ಲುವುದು ಕಠಿಣ. ಇದೇ ಕಮರೇನಾ ಪ್ರಕರಣದಲ್ಲಿ 1990ರಲ್ಲಿ ಮೆಕ್ಸಿಕೋದ ಗ್ವಾದಲಹಾರಾ ನಗರದಿಂದ ಅಮೆರಿಕಕ್ಕೆ ಒಬ್ಬ ವೈದ್ಯನನ್ನು ಬಲವಂತವಾಗಿ ಎತ್ತಿ ತಂದಿದ್ದರು. ಅಪಹರಿಸಿ ತಂದಿದ್ದರೂ ವಿಚಾರಣೆ ನಡೆಸಬಹುದು ಎಂದು 1992ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಸಾಕ್ಷ್ಯ ಸಾಲದೆಂದು ವಿಚಾರಣಾ ನ್ಯಾಯಾಧೀಶರೇ ಬಳಿಕ ಆ ವೈದ್ಯನನ್ನು ಖುಲಾಸೆ ಮಾಡಿದರು.

ಕಾರೊ ಕಿಂಟೆರೊ ಬ್ರೂಕ್ಲಿನ್ ನ್ಯಾಯಾಲಯದಲ್ಲಿ ತಾನು ತಪ್ಪಿತಸ್ಥನಲ್ಲ ಎಂದು ಹೇಳಿಕೊಂಡ. ಒಪ್ಪಂದದಾಚೆಗೆ ಬಂದವನಾದ್ದರಿಂದ ಮರಣದಂಡನೆಯ ಸಾಧ್ಯತೆ ತೆರೆದೇ ಇತ್ತು. ಅದನ್ನು ಕೋರುವುದಿಲ್ಲವೆಂದು ಪ್ರಾಸಿಕ್ಯೂಟರ್‌ಗಳು 2025ರ ಆಗಸ್ಟ್‌ನಲ್ಲಿ ನ್ಯಾಯಾಲಯಕ್ಕೆ ತಿಳಿಸಿದರು.